ಪಾಪು ತಲೆ ಒಂದ್ಕಡೆ ಚಪ್ಪಟೆ ಆಗಿದ್ಯಾ? ದಿಂಬು ಹುಡುಕೋಕೆ ಮುಂಚೆ ಮೇಲಿಂದ ಒಂದ್ಸಲ ನೋಡಿ

ನಮ್ಮ ಪಾಪುಗೆ ಎರಡೂವರೆ ತಿಂಗಳು ಆಗಿದ್ದಾಗ ಒಂದಿನ ಎಣ್ಣೆ ಹಚ್ಚಿ ನೀರೆರೆದು ಟವಲ್ ಮೇಲೆ ಮಲಗಿಸಿದ್ವಿ, ಒದ್ದೆ ಕೂದಲೆಲ್ಲ ತಲೆಗೆ ಅಂಟ್ಕೊಂಡಿತ್ತು, ಆಗ ಕಂಡಿದ್ದು ಹಿಂದಲೆ ಬಲಗಡೆ ಯಾರೋ ಅಂಗೈಯಲ್ಲಿ ತಟ್ಟಿ ಇಟ್ಟಂಗೆ ಚಪ್ಪಟೆ ಆಗಿರೋದು. ಕೂದಲು ಒಣಗಿದ್ದಾಗ ಗೊತ್ತೇ ಆಗ್ತಿರ್ಲಿಲ್ಲ. ಅಮ್ಮ ಅಂದ್ರು ಸಾಸಿವೆ ದಿಂಬು ಹೊಲಿಸೋಣ ಅಂತ, ನೀರೆರೆಯೋಕೆ ಬರ್ತಿದ್ದ ಅಜ್ಜಿ ಅಂದ್ರು "ದಿನಾ ನಾಕು ಸಲ ಒತ್ತಿದ್ರೆ ಗುಂಡಗಾಗುತ್ತೆ ಬಿಡವ್ವ" ಅಂತ, ನಾನು ರಾತ್ರಿ ಪೂರ್ತಿ ಫೋನ್ ಹಿಡ್ಕೊಂಡು ತಲೆ ಆಕಾರ ತಿದ್ದೋಕೆ ಅಂತ ಹೆಲ್ಮೆಟ್ ಹಾಕಿರೋ ಮಕ್ಕಳ ಫೋಟೋ ನೋಡ್ತಾ ಕೂತಿದ್ದೆ. ಮೂರು ಜನದ್ದೂ ತಪ್ಪೇ. ಆಮೇಲೆ ಡಾಕ್ಟ್ರ ಹತ್ರ, ಫಿಸಿಯೋ ಹತ್ರ ಓಡಾಡಿ ಕಲಿತಿದ್ದನ್ನ ಇಲ್ಲಿ ಬರೀತಿದೀನಿ, ಇದೇ ಚಿಂತೆಲಿ ಇರೋರಿಗೆ ಅನುಕೂಲ ಆಗ್ಲಿ ಅಂತ.

ಮೊದ್ಲು ತಲೆ ಯಾಕೆ ಹಿಂಗೆ ಆಗುತ್ತೆ ಅನ್ನೋದು. ನಮ್ಮ ಬುರುಡೆ ಥರ ಮಗುದು ಒಂದೇ ಗಟ್ಟಿ ಮೂಳೆ ಅಲ್ಲ, ಐದಾರು ಮೂಳೆ ಹಲಗೆಗಳು ಪಕ್ಕಪಕ್ಕ ಇರ್ತವೆ, ನಡುವೆ ಕೂಡುಗೆರೆ ಇರುತ್ತೆ, ಡಾಕ್ಟ್ರು ಅದನ್ನ ಸೂಚರ್ ಅಂತಾರೆ. ನಾಲ್ಕು ಮೂಳೆ ಸೇರೋ ಜಾಗದಲ್ಲಿ ಮೆತ್ತಗೆ ಡಬ್ ಡಬ್ ಅಂತ ಬಡ್ಕೊಳ್ತಾ ಇರುತ್ತಲ್ಲ ಅದೇ ನೆತ್ತಿ. ಹಿಂದಿನ ಸಣ್ಣ ನೆತ್ತಿ ಎರಡು ಮೂರು ತಿಂಗಳಲ್ಲೇ ಮುಚ್ಕೊಳ್ಳುತ್ತೆ, ಮುಂದಿನ ದೊಡ್ಡದು ಹೆಚ್ಚಿನ ಮಕ್ಕಳಲ್ಲಿ ಒಂದರಿಂದ ಒಂದೂವರೆ ವರ್ಷದ ಹೊತ್ತಿಗೆ. ಹುಟ್ಟಿದಾಗ ತಲೆ ಸುತ್ತಳತೆ ಸುಮಾರು 34-35 ಸೆಂಟಿಮೀಟರ್ ಇದ್ರೆ ವರ್ಷ ತುಂಬೋ ಹೊತ್ತಿಗೆ 46ರ ಹತ್ರ ಬರುತ್ತೆ, ಅದ್ರಲ್ಲೂ ಮೊದಲ ಮೂರು ತಿಂಗಳು ತಿಂಗಳಿಗೆ ಸುಮಾರು 2 ಸೆಂಟಿಮೀಟರ್ ಲೆಕ್ಕದಲ್ಲಿ ಬೆಳೆಯುತ್ತೆ. ಅಷ್ಟು ಜೋರಾಗಿ ಬೆಳೀತಿರೋ ಮೆತ್ತನೆ ತಲೆ ಒಂದೇ ಕಡೆ ಹಾಸಿಗೆಗೆ ಒತ್ಕೊಂಡಿದ್ರೆ ಆ ಕಡೆ ಬೆಳೆಯೋಕೆ ಜಾಗ ಇಲ್ಲದೆ ಬೇರೆ ಕಡೆ ಬೆಳೆಯುತ್ತೆ, ಅಷ್ಟೇ ವಿಷ್ಯ. ತಲೆ ಸೊಟ್ಟ ಆಗೋದೂ ಈ ಬೆಳವಣಿಗೆಯಿಂದಾನೇ, ಸರಿಹೋಗೋದೂ ಇದ್ರಿಂದಾನೇ. ಅದಕ್ಕೇ ಮೊದಲ ನಾಲ್ಕೈದು ತಿಂಗಳು ಅಷ್ಟು ಮುಖ್ಯ.

ಹುಟ್ಟಿದ ದಿನ ತಲೆ ಉದ್ದಕ್ಕೆ ಇದ್ರೆ ಅದು ಬೇರೆ ವಿಷ್ಯ. ನಾರ್ಮಲ್ ಡೆಲಿವರಿಲಿ ಹೊರಗೆ ಬರೋವಾಗ ಮೂಳೆಗಳು ಒಂದ್ರ ಮೇಲೊಂದು ಸರಿದು ತಲೆ ಚೂಪಾಗಿರುತ್ತೆ, ಚರ್ಮದಲ್ಲಿ ನೀರು ತುಂಬ್ಕೊಂಡು ಊದಿರುತ್ತೆ, ಕೆಲವು ದಿನದಲ್ಲಿ ತಾನಾಗೇ ಇಳಿಯುತ್ತೆ. ವ್ಯಾಕ್ಯೂಮ್ ಹಾಕಿ ತೆಗೆದಿದ್ರೆ ಕೆಲವು ಸಲ ಮೂಳೆ ಮೇಲೆ ರಕ್ತ ಕಟ್ಕೊಂಡು ಒಂದು ಪಕ್ಕ ಮೆತ್ತನೆ ಗಡ್ಡೆ ಥರ ಆಗುತ್ತೆ, ಅದು ಒಂದು ಮೂಳೆ ಗಡಿ ದಾಟಲ್ಲ, ಕರಗೋಕೆ ವಾರಗಳು, ಕೆಲವು ಸಲ ತಿಂಗಳುಗಳು ಬೇಕು. ಅದನ್ನ ಉಜ್ಜೋದು, ಶಾಖ ಕೊಡೋದು, ಸೂಜಿ ಚುಚ್ಚಿಸೋದು ಏನೂ ಬೇಡ. ಆ ರಕ್ತ ಒಡೆಯೋವಾಗ ಕಾಮಾಲೆ ಜಾಸ್ತಿ ಆಗ್ಬೋದು, ಮಗು ಮೈ ಕಣ್ಣು ಹಳದಿ ಆಗ್ತಿದ್ಯಾ ಅಂತ ಮಾತ್ರ ಕಣ್ಣಿಟ್ಟಿರಿ.

ಈಗ ಚಪ್ಪಟೆ ವಿಷ್ಯಕ್ಕೆ ಬರ್ತೀನಿ. ಇದು ಹೆಚ್ಚಾಗಿದ್ದಕ್ಕೆ ಒಂದು ಕಾರಣ ಇದೆ, ಅದು ಒಳ್ಳೆ ಕಾರಣಾನೇ. 1992ರಲ್ಲಿ ಅಮೆರಿಕಾದ ಮಕ್ಕಳ ವೈದ್ಯರ ಸಂಘ, ಮಕ್ಕಳನ್ನ ಬೋರಲು ಮಲಗಿಸ್ಬೇಡಿ ಅಂತ ಹೇಳ್ತು, 1994ರಲ್ಲಿ ಅಂಗಾತ ಮಲಗಿಸಿ ಅಂತ ದೇಶದ ತುಂಬಾ ಪ್ರಚಾರ ಶುರುವಾಯ್ತು, ನಿದ್ದೆಲೇ ಕಾರಣ ಗೊತ್ತಿಲ್ದೆ ಮಕ್ಕಳು ಸಾಯೋದು ಅಲ್ಲಿ ಹತ್ರ ಹತ್ರ ಅರ್ಧಕ್ಕೆ ಇಳೀತು. ಜೊತೆಗೆ ಹಿಂದಲೆ ಚಪ್ಪಟೆ ಆಗೋ ಮಕ್ಕಳ ಸಂಖ್ಯೆ ಏರ್ತು. ಅಂದ್ರೆ ನಿದ್ದೆಗೆ ಅಂಗಾತಾನೇ ಮಲಗಿಸ್ಬೇಕು, ತಲೆ ಗುಂಡಗಾಗ್ಲಿ ಅಂತ ರಾತ್ರಿ ಬೋರಲು ಹಾಕೋದು ಖಂಡಿತಾ ಬೇಡ, ತಲೆ ಚಪ್ಪಟೆ ಆದ್ರೆ ತಿದ್ಬೋದು, ಉಸಿರು ನಿಂತ್ರೆ ಏನು ಮಾಡ್ತೀರಿ.

ಹಂಗಂತ ಅಂಗಾತ ಮಲಗೋ ಎಲ್ಲಾ ಮಕ್ಕಳಿಗೂ ಆಗಲ್ಲ. ಒಂದೇ ಕಡೆ ಕತ್ತು ತಿರುಗಿಸೋ ಮಕ್ಕಳಿಗೆ ಆಗುತ್ತೆ. ನಮ್ಮನೇಲಿ ತೊಟ್ಟಿಲು ಗೋಡೆಗೆ ಒತ್ತಿಟ್ಟಿದ್ವಿ, ಎಡಗಡೆ ಬರೀ ಗೋಡೆ, ಬಲಗಡೆ ನನ್ನ ಮಂಚ, ಕಿಟಕಿ, ಲೈಟು, ಮಾತಾಡಿಸೋ ಜನ, ಇನ್ನು ಪಾಪು ಯಾವ ಕಡೆ ನೋಡುತ್ತೆ ಹೇಳಿ! ಅವಳಿಗೆ ಗೋಡೆ ನೋಡು ಅಂದ್ರೆ ನೋಡ್ತಾಳಾ. ಇದಲ್ದೆ ಅವಳಿಜವಳಿ, ಹೊಟ್ಟೇಲಿ ಜಾಗ ಸಾಲದೆ ಮಡಚ್ಕೊಂಡಿದ್ದ ಮಕ್ಕಳು, ದಿನ ತುಂಬೋಕೆ ಮುಂಚೆ ಹುಟ್ಟಿ ಐಸಿಯುಲಿ ವಾರಗಟ್ಟಲೆ ಮಲಗಿದ್ದ ಮಕ್ಕಳು, ಇವರಿಗೆ ಜಾಸ್ತಿ. ಐಸಿಯು ಮಕ್ಕಳಿಗೆ ತಲೆ ಎರಡೂ ಪಕ್ಕ ಒತ್ತಿ ಉದ್ದುದ್ದ ಆಗಿರುತ್ತೆ. ಗಂಟೆಗಟ್ಟಲೆ ಕಾರ್ ಸೀಟು, ಬೌನ್ಸರ್‌ನಲ್ಲಿ ಒರಗಿಸಿ ಇಟ್ರೂ ಅಷ್ಟೇ.

ಮೇಲಿಂದ ನೋಡೋದು ಹೆಂಗೆ

ಇದೇ ನಾನು ಹೇಳ್ಬೇಕು ಅಂದ್ಕೊಂಡಿರೋ ಮುಖ್ಯ ವಿಷ್ಯ, ಯಾಕಂದ್ರೆ ಸುಮ್ನೆ ಮಲಗಿ ಆಗಿರೋ ಚಪ್ಪಟೆ ಒಂದು, ಮೂಳೆ ಬೇಗ ಅಂಟ್ಕೊಂಡು ಆಗಿರೋ ಸೊಟ್ಟ ಇನ್ನೊಂದು, ಎರಡಕ್ಕೂ ಭೂಮಿ ಆಕಾಶದಷ್ಟು ವ್ಯತ್ಯಾಸ. ಸ್ನಾನ ಆದ್ಮೇಲೆ ಕೂದಲು ಒದ್ದೆ ಇರೋವಾಗ ಒಬ್ಬರು ಮಗುನ ತೊಡೆ ಮೇಲೆ ಕತ್ತಿಗೆ ಕೈ ಕೊಟ್ಟು ನೇರ ಕೂರಿಸ್ಕೊಳ್ಳಿ, ಇನ್ನೊಬ್ಬರು ತಲೆ ಮೇಲಿಂದ, ಮೂಗಿನ ತುದಿ ಎರಡೂ ಕಿವಿ ಕಾಣೋ ಹಾಗೆ ಫೋನಲ್ಲಿ ಫೋಟೋ ತೆಗೀರಿ. ಎರಡು ವಾರಕ್ಕೊಂದು ಸಲ, ಅದೇ ಎತ್ತರ ಅದೇ ಜಾಗ. ದಿನಾ ತೆಗೆದ್ರೆ ಬರೀ ತಲೆಕೆಡುತ್ತೆ, ನಾನು ತೆಗೆದು ಕೆಡಿಸ್ಕೊಂಡಿದೀನಿ.

ಬೆಂಕಿಪೊಟ್ಟಣದ ಕಡ್ಡಿ ಗೂಡು ತೆಗೆದು ಬರೀ ಹೊರಗಿನ ಡಬ್ಬಿನ ಒಂದು ಮೂಲೆಯಿಂದ ಮುಂದಕ್ಕೆ ತಳ್ಳಿದ್ರೆ ಓರೆಯಾಗುತ್ತಲ್ಲ, ಮಲಗಿ ಆಗಿರೋ ಚಪ್ಪಟೆ ಮೇಲಿಂದ ನೋಡಿದ್ರೆ ಹಂಗೇ ಕಾಣುತ್ತೆ. ಬಲ ಹಿಂದಲೆ ಚಪ್ಪಟೆ ಇದ್ರೆ ಬಲ ಕಿವಿ ಮುಂದಕ್ಕೆ ಸರಿದಿರುತ್ತೆ, ಬಲ ಹಣೆನೂ ಸ್ವಲ್ಪ ಮುಂದೆ ಬಂದಿರುತ್ತೆ, ಇಡೀ ಒಂದು ಪಕ್ಕ ಮುಂದಕ್ಕೆ ಜರುಗಿದಂಗೆ. ಹಿಂದಲೆ ಪೂರ್ತಿ ಚಪ್ಪಟೆ, ತಲೆ ಅಗಲ ಇದ್ರೆ ಅದೂ ಹೆಚ್ಚಾಗಿ ಮಲಗೋದ್ರಿಂದಾನೇ. ಇನ್ನೊಂದು ಗುರುತು, ಇದು ಹುಟ್ಟಿದಾಗ ಸಾಮಾನ್ಯವಾಗಿ ಇರಲ್ಲ, ಒಂದೂವರೆ ಎರಡು ತಿಂಗಳಲ್ಲಿ ಕಾಣಿಸ್ಕೊಂಡು ನಾಲ್ಕು ತಿಂಗಳ ಹೊತ್ತಿಗೆ ಜಾಸ್ತಿ ಆಗಿ, ಮಗು ಕತ್ತು ನಿಲ್ಲಿಸಿ ಬೋರಲು ಬಿದ್ಕೊಂಡು ಓಡಾಡೋಕೆ ಶುರು ಮಾಡಿದ್ಮೇಲೆ ಕಮ್ಮಿ ಆಗ್ತಾ ಬರುತ್ತೆ.

ಕೂಡುಗೆರೆ ಹೊತ್ತಿಗೆ ಮುಂಚೆ ಮುಚ್ಕೊಳ್ಳೋದು ಸುಮಾರು 2000-2500 ಮಕ್ಕಳಲ್ಲಿ ಒಂದು ಮಗುಗೆ, ಹೆಸರು ಕ್ರೇನಿಯೋಸಿನೋಸ್ಟೋಸಿಸ್. ಇದು ಹುಟ್ಟಿದಾಗಿಂದಾನೇ ಇರುತ್ತೆ, ತಿಂಗಳು ಕಳೆದ ಹಾಗೆ ಜಾಸ್ತಿ ಆಗುತ್ತೆ, ಮಗ್ಗುಲು ಬದಲಾಯ್ಸಿದ್ರೂ, ಅಂದ್ರೆ ಅಂಗಾತಾನೇ ಮಲಗಿಸಿ ತಲೆ ಇನ್ನೊಂದು ಕಡೆ ತಿರುಗಿಸಿಟ್ರೂ, ಏನೂ ಆಗಲ್ಲ. ತುಂಬಾ ಸಾಮಾನ್ಯ ಅಂದ್ರೆ ನೆತ್ತಿ ನಡುಗೆರೆ ಮುಚ್ಚೋದು, ಆಗ ತಲೆ ದೋಣಿ ಥರ ಹಿಂದೆ ಮುಂದೆ ಉದ್ದ, ಅಗಲ ಕಮ್ಮಿ. ಹಣೆ ಗೆರೆ ಮುಚ್ಚಿದ್ರೆ ಹಣೆ ನಡುವೆ ಏಣು ಎದ್ದು ಮೇಲಿಂದ ತ್ರಿಕೋನ ಥರ ಕಾಣುತ್ತೆ, ಸಣ್ಣ ಏಣು ಮಾತ್ರ ಇದ್ದು ಹಣೆ ಆಕಾರ ಚೆನ್ನಾಗಿದ್ರೆ ಅದು ಎಷ್ಟೋ ಮಕ್ಕಳಲ್ಲಿ ಇರುತ್ತೆ, ಹೆದರ್ಬೇಡಿ. ಹಿಂದಿನ ಗೆರೆ ಮುಚ್ಚೋದು ಅಪರೂಪ, ಆದ್ರೆ ಅದೇ ಗೊಂದಲ ಮಾಡೋದು, ಅದ್ರಲ್ಲೂ ಒಂದು ಪಕ್ಕ ಚಪ್ಪಟೆ ಇರುತ್ತೆ, ಕಿವಿ ಮಾತ್ರ ಮುಂದೆ ಬರೋ ಬದಲು ಹಿಂದಕ್ಕೆ ಕೆಳಕ್ಕೆ ಜಗ್ಗಿದಂಗೆ ಇರ್ಬೋದು, ಕಿವಿ ಹಿಂದಿನ ಮೂಳೆ ಉಬ್ಬಿರುತ್ತೆ. ಬೆರಳಾಡಿಸಿದ್ರೆ ಗೆರೆ ಉದ್ದಕ್ಕೂ ಗಟ್ಟಿ ಏಣು ಸಿಕ್ರೆ, ನೆತ್ತಿ ತೀರಾ ಬೇಗ ಮುಚ್ಕೊಂಡಂಗೆ ಅನ್ನಿಸಿದ್ರೆ ಕಾಯ್ಬೇಡಿ. ಅನುಭವ ಇರೋ ಡಾಕ್ಟ್ರು ಕೈಯಾಡಿಸಿ ನೋಡೇ ಹೇಳ್ತಾರೆ, ಅವರಿಗೆ ಅನುಮಾನ ಬಂದ್ರೆ ಮಾತ್ರ ಸ್ಕ್ಯಾನ್. ಸುಮ್ನೆ ಚಪ್ಪಟೆ ಆಗಿದೆ ಅಂತ ನಾವಾಗೇ ಸಿಟಿ ಸ್ಕ್ಯಾನ್ ಮಾಡಿಸಿ ಅಂತ ಕೇಳೋದು ಮಗುಗೆ ಬೇಡದ ರೇಡಿಯೇಷನ್.

ಅದು ಕ್ರೇನಿಯೋಸಿನೋಸ್ಟೋಸಿಸ್ ಅಂತಾನೇ ಆದ್ರೆ ಹೆಚ್ಚಿನವರಿಗೆ ಆಪರೇಷನ್ ಬೇಕಾಗುತ್ತೆ. ಬೇಗ ಅಂದ್ರೆ ಮೂರು ನಾಲ್ಕು ತಿಂಗಳ ಒಳಗೆ ಹೋದ್ರೆ ಸಣ್ಣ ಗಾಯದಲ್ಲಿ ಎಂಡೋಸ್ಕೋಪ್ ಅನ್ನೋ ಕ್ಯಾಮೆರಾ ಕೊಳವೆ ಹಾಕಿ ಆ ಗೆರೆ ಬಿಡಿಸಿ ಆಮೇಲೆ ಕೆಲವು ತಿಂಗಳು ಹೆಲ್ಮೆಟ್ ಹಾಕೋ ದಾರಿ ಇದೆ, ತಡ ಆದ್ರೆ ಆರು ತಿಂಗಳಿಂದ ವರ್ಷದ ಒಳಗೆ ದೊಡ್ಡ ಆಪರೇಷನ್. ಮಕ್ಕಳ ನ್ಯೂರೋಸರ್ಜನ್ ಕೆಲಸ ಇದು, ಬೆಂಗಳೂರಿನ ನಿಮ್ಹಾನ್ಸ್ ಥರ ನ್ಯೂರೋಸರ್ಜರಿ ವಿಭಾಗ ಇರೋ ಕಡೆ ರೆಫರ್ ಮಾಡಿಸ್ಕೊಳ್ಳಿ. ಇದ್ರಲ್ಲಿ ತಡ ಮಾಡಿದ್ರೆ ಮೆದುಳಿಗೆ ಒತ್ತಡ ಬೀಳೋ ಸಾಧ್ಯತೆ ಇರುತ್ತೆ, ಮಲಗಿ ಆಗಿರೋ ಚಪ್ಪಟೇಲಿ ಆ ಭಯ ಇಲ್ಲ, ಒಳಗಿನ ಮೆದುಳು ಅದರ ಪಾಡಿಗೆ ಅದು ಬೆಳೀತಾ ಇರುತ್ತೆ.

ಆಕಾರಕ್ಕಿಂತ ಅಳತೆನೇ ಬೇರೆ ಇರೋದು ಇನ್ನೊಂದು ಕಥೆ. ತಲೆ ತೀರಾ ಜೋರಾಗಿ ದೊಡ್ಡದಾಗೋದು, ನೆತ್ತಿ ಉಬ್ಬೋದು, ಕಣ್ಣುಗುಡ್ಡೆ ಕೆಳಕ್ಕೆ ಇಳಿದು ಮೇಲೆ ಬಿಳಿ ಕಾಣೋದು ಅಂದ್ರೆ ತಲೇಲಿ ನೀರು ತುಂಬಿರ್ಬೋದು, ಅವತ್ತೇ ಹೋಗ್ಬೇಕು. ವಿಟಮಿನ್ ಡಿ ತುಂಬಾ ಕಮ್ಮಿ ಆದ್ರೂ ಹಣೆ ಉಬ್ಬೋದು, ನೆತ್ತಿ ತಡವಾಗಿ ಮುಚ್ಚೋದು ಆಗುತ್ತೆ, ಮೊದಲ ವರ್ಷ ದಿನಕ್ಕೆ 400 ಯೂನಿಟ್ ಡ್ರಾಪ್ಸ್ ಕೊಡಿ ಅಂತ ಹೇಳೋದು ಅದಕ್ಕೇ. ಆರು, ಹತ್ತು, ಹದಿನಾಲ್ಕು ವಾರಕ್ಕೆ ಲಸಿಕೆಗೆ ತಾಯಿ ಕಾರ್ಡ್ ತಗೊಂಡು ಹೋಗ್ತೀರಲ್ಲ, ಆಗ ತೂಕದ ಜೊತೆ ತಲೆ ಸುತ್ತಳತೆನೂ ಟೇಪಲ್ಲಿ ಅಳೆದು ಬರೆಯೋಕೆ ಹೇಳಿ. ಕೇಳಿದ್ರೆ ಅಳೀತಾರೆ, ಕೇಳದಿದ್ರೆ ಎಷ್ಟೋ ಕಡೆ ಗಡಿಬಿಡೀಲಿ ಬಿಟ್ಟೋಗುತ್ತೆ.

ಮನೇಲಿ ಮಾಡೋದು ಏನು

ತೊಟ್ಟಿಲಿನ ಜಾಗ ಮೊದ್ಲು ಬದಲಾಯ್ಸಿ, ಆಗಲ್ಲ ಅಂದ್ರೆ ಮಗುನ ತಲೆ ಕಡೆ ಕಾಲು, ಕಾಲ ಕಡೆ ತಲೆ ಮಾಡಿ ಒಂದಿನ ಬಿಟ್ಟು ಒಂದಿನ ಮಲಗಿಸಿ, ಆಗ ಲೈಟು ನೋಡೋಕೆ ಅಮ್ಮನ್ನ ನೋಡೋಕೆ ಇನ್ನೊಂದು ಕಡೆ ಕತ್ತು ತಿರುಗಿಸ್ಲೇಬೇಕಾಗುತ್ತೆ. ತೊಟ್ಟಿಲಿಗೆ ಕಟ್ಟಿರೋ ಗೊಂಬೆ ಚಪ್ಪಟೆ ಇರೋದ್ರ ವಿರುದ್ಧ ಕಡೆಗೆ ಕಟ್ಟಿ. ಮಾತಾಡಿಸೋರು, ಗಿಲಕಿ ಆಡಿಸೋರು ಎಲ್ಲ ಆ ಕಡೆ ಕೂತ್ಕೊಳ್ಳಿ, ನೋಡೋಕೆ ಬರೋ ನೆಂಟರಿಗೂ ಹೇಳಿ, ಅವರಿಗೆ ಇದೊಂದು ಕೆಲಸ ಕೊಟ್ಟಂಗೆ ಆಗುತ್ತೆ. ಬಾಟಲ್ ಕುಡಿಸೋರಾದ್ರೆ ಒಂದು ಸಲ ಎಡಗೈ ಒಂದು ಸಲ ಬಲಗೈ. ನಿದ್ದೆ ಹತ್ತಿದ್ಮೇಲೆ ತಲೆನ ಮೆಲ್ಲಗೆ ಇನ್ನೊಂದು ಕಡೆ ತಿರುಗಿಸಿಡಿ, ವಾಪಸ್ ತಿರುಗಿಸ್ಕೊಂಡ್ರೆ ಬಿಡಿ, ಐದು ನಿಮಿಷ ಬಿಟ್ಟು ಇನ್ನೊಂದ್ಸಲ. ಎಚ್ಚರ ಇದ್ದಾಗೆಲ್ಲ ಹಾಸಿಗೆ ಬಿಡಿಸಿ ಹೆಗಲ ಮೇಲೆ ಎತ್ಕೊಳ್ಳಿ, ಎತ್ಕೊಂಡ್ರೆ ಅಭ್ಯಾಸ ಆಗ್ಬಿಡುತ್ತೆ ಅನ್ನೋರಿಗೆ ಡಾಕ್ಟ್ರು ಹೇಳಿದಾರೆ ಅನ್ನಿ ಸಾಕು.

ಆಮೇಲೆ ಬೋರಲು. ಎಚ್ಚರ ಇದ್ದಾಗ, ನಾವು ಎದುರಿಗೆ ಇದ್ದಾಗ ಮಾತ್ರ. ಹುಟ್ಟಿದ ಮೊದಲ ವಾರದಿಂದಾನೇ ನಮ್ಮ ಎದೆ ಮೇಲೆ ಬೋರಲು ಹಾಕ್ಕೊಂಡು ಶುರು ಮಾಡ್ಬೋದು, ದಿನಕ್ಕೆ ಎರಡು ಮೂರು ಸಲ, ಒಂದೊಂದು ಸಲ ಮೂರರಿಂದ ಐದು ನಿಮಿಷ, ಆಮೇಲೆ ಹೆಚ್ಚಿಸ್ತಾ ಹೋಗಿ. ಇನ್ನೂ ಓಡಾಡದ ಮಗುಗೆ ದಿನಕ್ಕೆ ಎಲ್ಲಾ ಸೇರಿ ಕನಿಷ್ಠ 30 ನಿಮಿಷ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಹಾಲು ಕುಡಿದ ತಕ್ಷಣ ಬೇಡ, ಕಕ್ಕುತ್ತೆ. ಕಿರುಚಿದ್ರೆ ಎದೆ ಕೆಳಗೆ ಟವಲ್ ಸುತ್ತಿ ಇಟ್ಟು ಎದುರಿಗೆ ನೀವೂ ನೆಲದ ಮೇಲೆ ಬೋರಲು ಮಲ್ಕೊಳ್ಳಿ, ಮುಖ ನೋಡೋಕೆ ಅಂತ ತಲೆ ಎತ್ತುತ್ತೆ. ನನಗೆ ಇದ್ರಲ್ಲಿ ಮಜಾ ಅನ್ಸಿದ್ದು ಏನಂದ್ರೆ, ನೀರೆರೆಯೋ ಅಜ್ಜಿ ಕಾಲು ಚಾಚಿ ಕೂತು ಮಗುನ ಕಾಲ ಮೇಲೆ ಬೋರಲು ಹಾಕಿ ಬೆನ್ನು ತಿಕ್ತಾರಲ್ಲ, ಈಗ ಎಲ್ಲರೂ ಟಮ್ಮಿ ಟೈಮ್ ಅಂತ ಹೇಳೋದು ಅದನ್ನೇ! ಅಜ್ಜಿ ತಲೆ ಒತ್ತೋದು ಬಿಟ್ರೆ ಉಳಿದಿದ್ದೆಲ್ಲ ಸರಿಯಾಗೇ ಮಾಡ್ತಿದ್ರು.

ಒತ್ತೋದು ಯಾಕೆ ಬೇಡ ಅಂದ್ರೆ ಬುರುಡೆ ಆಕಾರ ಬರೋದು ಒಳಗಿಂದ ಮೆದುಳು ಬೆಳೆಯೋದ್ರಿಂದ, ಎರಡು ನಿಮಿಷ ಕೈಯಲ್ಲಿ ಒತ್ತಿದ್ರೆ ಏನೂ ಬದಲಾಗಲ್ಲ, ನೆತ್ತಿ ಹತ್ರ, ರಕ್ತ ಕಟ್ಟಿರೋ ಕಡೆ ಜೋರಾಗಿ ಒತ್ತಿದ್ರೆ ಅಪಾಯಾನೇ. ಎಣ್ಣೆ ಮೆಲ್ಲಗೆ ಸವರೋಕೆ ಯಾರ ತಕರಾರೂ ಇಲ್ಲ. ಮನೇಲಿ ದೊಡ್ಡೋರ ಜೊತೆ ಜಗಳ ಆಡೋ ಬದಲು ನಾನು "ಅಜ್ಜಿ, ತಲೆ ಬಿಟ್ಟು ಕೈಕಾಲು ಚೆನ್ನಾಗಿ ತಿಕ್ಕಿ" ಅಂತಿದ್ದೆ, ಕೆಲಸ ಆಯ್ತು.

ಸಾಸಿವೆ ದಿಂಬು, ಸೀರೆ ಬಟ್ಟೆ ಸುತ್ತಿದ ಸಿಂಬಿ, ನಡುವೆ ತೂತಿರೋ ಆನ್‌ಲೈನ್ ದಿಂಬು, ಇವು ಮೂರೂ ಬೇಡ. ಮಗು ಜಾರಿ ಮುಖ ಆ ಬಟ್ಟೆಗೆ ಒತ್ಕೊಂಡ್ರೆ ಸರಿಸ್ಕೊಳ್ಳೋ ಶಕ್ತಿ ಅದಕ್ಕಿರಲ್ಲ, ದಿಂಬು ಎತ್ತರ ಆಗಿ ಗದ್ದ ಎದೆಗೆ ತಾಗಿದ್ರೆ ಉಸಿರಾಟದ ದಾರಿನೇ ಕಟ್ಟುತ್ತೆ. ತಲೆ ಆಕಾರ ತಿದ್ದೋ ದಿಂಬುಗಳನ್ನ ಬಳಸ್ಬೇಡಿ, ಉಸಿರು ಕಟ್ಟೋ ಅಪಾಯ ಇದೆ ಅಂತ ಅಮೆರಿಕಾದ ಔಷಧಿ, ವೈದ್ಯಕೀಯ ಸಾಧನ ನಿಯಂತ್ರಿಸೋ ಸರ್ಕಾರಿ ಸಂಸ್ಥೆ ಎಫ್‌ಡಿಎ 2022ರ ನವೆಂಬರ್‌ನಲ್ಲಿ ಎಚ್ಚರಿಕೆ ಕೊಟ್ಟಿದೆ. ನಮಗೆಲ್ಲ ಸಾಸಿವೆ ದಿಂಬು ಇಟ್ಟೇ ಬೆಳೆಸಿದ್ದು ಅಂತ ಅಮ್ಮ ಇವತ್ತಿಗೂ ಹೇಳ್ತಾರೆ, ನಿಜ, ಆದ್ರೆ ಆವಾಗ ಮನೆ ತುಂಬಾ ಜನ ಇದ್ರು, ಮಗು ಒಂಟಿಯಾಗಿ ಮಲಗ್ತಾನೇ ಇರ್ಲಿಲ್ಲ.

ಕತ್ತು ನೋಡೋದು ಮರೀಬೇಡಿ

ನಾವು ಮೊದ್ಲು ತೋರಿಸಿದ ಡಾಕ್ಟ್ರು ತಲೆ ಒಂದ್ಸಲ ನೋಡಿ "ಸರಿಹೋಗುತ್ತೆ, ಹೋಗಿ" ಅಂದ್ರು. ಅವರು ಹೇಳಿದ್ದು ಸುಳ್ಳಲ್ಲ, ಆದ್ರೆ ಕತ್ತು ತಿರುಗಿಸಿ ನೋಡ್ಲೇ ಇಲ್ಲ. ಮೂರು ವಾರ ಆದ್ಮೇಲೆ ಇನ್ನೊಬ್ಬರು ನೋಡಿ ಹೇಳಿದ್ರು ಎಡಗಡೆ ಕತ್ತಿನ ಸ್ನಾಯು ಬಿಗಿ ಇದೆ ಅಂತ. ಕಿವಿ ಹಿಂದಿಂದ ಎದೆ ಮೂಳೆವರೆಗೂ ಬರೋ ಸ್ನಾಯು ಅದು, ಬಿಗಿ ಇದ್ರೆ ತಲೆ ಆ ಕಡೆ ವಾಲುತ್ತೆ, ಗದ್ದ ವಿರುದ್ಧ ಕಡೆ ತಿರುಗುತ್ತೆ. ಅದಕ್ಕೇ ಬಲಗಡೆ ಚಪ್ಪಟೆ ಇರೋ ಮಗುಗೆ ಬಿಗಿ ಇರೋದು ಸಾಮಾನ್ಯವಾಗಿ ಎಡ ಕತ್ತಲ್ಲಿ, ನಾನಂತೂ ಉಲ್ಟಾ ಅಂದ್ಕೊಂಡಿದ್ದೆ. ಕೆಲವು ಮಕ್ಕಳಿಗೆ ಆ ಸ್ನಾಯುಲಿ ಹುಣಸೆ ಬೀಜದಷ್ಟು ಗಂಟು ಸಿಗುತ್ತೆ. ಮನೇಲಿ ಪರೀಕ್ಷೆ ಮಾಡೋಕೆ ಮಗು ಅಂಗಾತ ಇರೋವಾಗ ಗಿಲಕಿನ ಒಂದು ಭುಜದಿಂದ ಇನ್ನೊಂದು ಭುಜದವರೆಗೂ ಆಡಿಸಿ, ಎರಡೂ ಕಡೆ ಒಂದೇ ಥರ ಪೂರ್ತಿ ತಿರುಗಿ ನೋಡುತ್ತಾ ಅಂತ ಗಮನಿಸಿ. ಒಂದು ಕಡೆ ಅರ್ಧಕ್ಕೇ ನಿಂತ್ರೆ, ಯಾವಾಗ್ಲೂ ಒಂದೇ ಎದೆ ಹಾಲು ಕುಡಿಯೋಕೆ ಹಟ ಮಾಡ್ತಿದ್ರೆ ತೋರಿಸಿ.

ಇದಕ್ಕೆ ಫಿಸಿಯೋ ಕತ್ತಿಗೆ ಹಿಗ್ಗಿಸೋ ವ್ಯಾಯಾಮ ಹೇಳ್ಕೊಡ್ತಾರೆ, ಡಯಾಪರ್ ಬದಲಾಯ್ಸೋ ಪ್ರತಿ ಸಲ ಮಾಡ್ಕೊಂಡ್ರೆ ದಿನಕ್ಕೆ ಬೇಕಾದಷ್ಟು ಸಲ ಆಗೋಗುತ್ತೆ. ಅವರ ಎದುರಿಗೆ ನಿಮ್ಮ ಕೈಯಲ್ಲೇ ಮಾಡಿ ತೋರಿಸಿ ಕಲ್ತ್ಕೊಳ್ಳಿ, ವಿಡಿಯೋ ನೋಡಿ ಮಗು ಕತ್ತು ಎಳೆಯೋಕೆ ಹೋಗ್ಬೇಡಿ ದಯವಿಟ್ಟು. ಎಷ್ಟು ಬೇಗ ಶುರು ಮಾಡಿದ್ರೆ ಅಷ್ಟು ಬೇಗ ಸಡಿಲ ಆಗುತ್ತೆ. ಖಾಸಗೀಲಿ ದುಬಾರಿ ಅನ್ಸಿದ್ರೆ ಜಿಲ್ಲಾಸ್ಪತ್ರೇಲಿ ಮಕ್ಕಳಿಗೆ ಫಿಸಿಯೋ ಇದ್ಯಾ ಕೇಳಿ, ಆಶಾ ಕಾರ್ಯಕರ್ತೆನ ಕೇಳಿದ್ರೂ ಎಲ್ಲಿಗೆ ಹೋಗ್ಬೇಕು ಅಂತ ಹೇಳ್ತಾರೆ.

ಹೆಲ್ಮೆಟ್ ಬೇಕಾ

ನಮ್ಮ ತಂಗಿ ಅಮೆರಿಕಾದಲ್ಲಿದಾಳೆ, ಅಲ್ಲಿ ಬಣ್ಣಬಣ್ಣದ ಹೆಲ್ಮೆಟ್ ಹಾಕಿರೋ ಮಕ್ಕಳು ಮಾಲ್‌ನಲ್ಲಿ ಓಡಾಡೋದು ಯಾರಿಗೂ ಆಶ್ಚರ್ಯ ಅಲ್ವಂತೆ, ಹಂಗಾಗಿ ನೀನೂ ಹಾಕಿಸು ಅಂತ ಅವಳ ಒತ್ತಾಯ. ಮಗು ತಲೆ ಅಳತೆ ತಗೊಂಡು ಅದಕ್ಕೇ ಮಾಡೋದು ಅದು, ಉಬ್ಬಿರೋ ಕಡೆ ತಾಗ್ಕೊಂಡು ಚಪ್ಪಟೆ ಇರೋ ಕಡೆ ಜಾಗ ಬಿಟ್ಟಿರುತ್ತೆ, ಬೆಳೆಯೋ ತಲೆ ಆ ಜಾಗಕ್ಕೆ ತುಂಬ್ಕೊಳ್ಳುತ್ತೆ. ದಿನಕ್ಕೆ 23 ಗಂಟೆ ಹಾಕಿರ್ಬೇಕು, ತಿಂಗಳುಗಟ್ಟಲೆ. ನಾಲ್ಕೈದು ತಿಂಗಳಿಂದ ವರ್ಷದ ಒಳಗೆ ಹಾಕಿದ್ರೆ ಉಪಯೋಗ ಜಾಸ್ತಿ, ಆಮೇಲೆ ಬೆಳವಣಿಗೆ ನಿಧಾನ ಆಗೋದ್ರಿಂದ ಹಾಕಿ ಪ್ರಯೋಜನ ಕಮ್ಮಿ. ನಮ್ಮ ಏಪ್ರಿಲ್ ಮೇ ಸೆಕೇಲಿ ರಾಯಚೂರು ಕಲಬುರಗಿ ಕಡೆ ಮಗು ತಲೆಗೆ 23 ಗಂಟೆ ಹೆಲ್ಮೆಟ್ ಅಂದ್ರೆ ಯೋಚ್ನೆ ಮಾಡಿ, ಬೆವರುಸಾಲೆ ಏಳುತ್ತೆ, ದುಡ್ಡೂ ಕಮ್ಮಿ ಏನಲ್ಲ.

2014ರಲ್ಲಿ ನೆದರ್ಲೆಂಡ್ಸ್‌ನೋರು 84 ಮಕ್ಕಳ ಮೇಲೆ ಒಂದು ಪರೀಕ್ಷೆ ಮಾಡಿ ಬಿಎಂಜೆ ಅನ್ನೋ ವೈದ್ಯಕೀಯ ಪತ್ರಿಕೇಲಿ ಹಾಕಿದ್ರು, ಎಲ್ಲರಿಗೂ ತಲೆ ಮಧ್ಯಮದಿಂದ ಜಾಸ್ತಿ ಸೊಟ್ಟ ಇತ್ತು, ಐದಾರು ತಿಂಗಳ ವಯಸ್ಸಲ್ಲಿ ಅರ್ಧ ಮಕ್ಕಳಿಗೆ ಹೆಲ್ಮೆಟ್ ಹಾಕಿ ಅರ್ಧ ಮಕ್ಕಳನ್ನ ಹಂಗೇ ಬಿಟ್ರು. ಎರಡು ವರ್ಷದ ಹೊತ್ತಿಗೆ ಪೂರ್ತಿ ಸರಿಹೋಗಿದ್ದು ಹೆಲ್ಮೆಟ್ ಹಾಕಿದವರಲ್ಲಿ 26 ಪರ್ಸೆಂಟ್, ಹಾಕದವರಲ್ಲಿ 23 ಪರ್ಸೆಂಟ್, ಅಂದ್ರೆ ಹತ್ರ ಹತ್ರ ಒಂದೇ. ಆದ್ರೆ ಕತ್ತು ಬಿಗಿ ಇರೋ ಮಕ್ಕಳು ಅದ್ರಲ್ಲಿ ಇರ್ಲಿಲ್ಲ. ಅಮೆರಿಕಾದ ನ್ಯೂರೋಸರ್ಜನ್‌ಗಳ 2016ರ ಮಾರ್ಗಸೂಚಿ ಬೇರೆ ಥರ ಹೇಳುತ್ತೆ, ಮಗ್ಗುಲು ಬದಲಾಯ್ಸಿ ಫಿಸಿಯೋ ಮಾಡಿದ್ಮೇಲೂ ಸೊಟ್ಟ ಜಾಸ್ತಿನೇ ಉಳಿದಿದ್ರೆ ಹೆಲ್ಮೆಟ್ ಹಾಕ್ಬೋದು ಅಂತ. ನನ್ನ ಅಭಿಪ್ರಾಯ ಕೇಳಿದ್ರೆ, ಎರಡು ತಿಂಗಳು ಸರಿಯಾಗಿ ಮಗ್ಗುಲು ಬದಲಾಯ್ಸಿ, ಕತ್ತು ನೋಡಿಸಿ, ಫೋಟೋ ಪಕ್ಕಪಕ್ಕ ಇಟ್ಟು ನೋಡಿ, ಐದಾರು ತಿಂಗಳಲ್ಲೂ ಮುಖನೇ ಓರೆ ಕಾಣೋ ಅಷ್ಟು ಇದ್ರೆ ಮಾತ್ರ ಹೆಲ್ಮೆಟ್ ಮಾತು. ಹೆಲ್ಮೆಟ್ ಮಾರೋರ ಹತ್ರಾನೇ ಬೇಕಾ ಬೇಡ್ವಾ ಅಂತ ಕೇಳೋಕೆ ಹೋಗ್ಬೇಡಿ, ಅವರು ಏನು ಹೇಳ್ತಾರೆ ಅಂತ ನಿಮಗೇ ಗೊತ್ತು.

ಕಾಯದೇ ಓಡ್ಬೇಕಾದ್ದು ಇಷ್ಟು: ಮಗು ಅಳದೆ ಸುಮ್ನೆ ನೇರ ಕೂತಿರೋವಾಗ್ಲೂ ನೆತ್ತಿ ಉಬ್ಬಿರೋದು, ಬಿಡದೆ ವಾಂತಿ, ಎಬ್ಬಿಸಿದ್ರೂ ಏಳದಷ್ಟು ಮಂಪರು, ಫಿಟ್ಸ್. ವಾಂತಿ ಭೇದಿ ಆಗಿ ನೆತ್ತಿ ಒಳಕ್ಕೆ ಹೋಗಿದ್ರೆ ನೆತ್ತಿ ಬಿದ್ದಿದೆ ಅಂತ ಎಣ್ಣೆ ಇಟ್ಟು ಕೂರ್ಬೇಡಿ, ಮೈಯಲ್ಲಿ ನೀರು ಕಮ್ಮಿ ಆಗಿದೆ ಅಂತ ಅರ್ಥ ಅದು, ಅದಕ್ಕೂ ಅವತ್ತೇ ಆಸ್ಪತ್ರೆ.

ನಮ್ಮ ಪಾಪುಗೆ ಹೆಲ್ಮೆಟ್ ಹಾಕಿಸ್ಲಿಲ್ಲ. ಕತ್ತು ಸುಮಾರು ಎರಡೂವರೆ ತಿಂಗಳ ವ್ಯಾಯಾಮದಲ್ಲಿ ಸಡಿಲ ಆಯ್ತು, ಕೂರೋಕೆ ಶುರು ಮಾಡಿದ್ಮೇಲೆ ಫೋಟೋಲಿ ವ್ಯತ್ಯಾಸ ಕಾಣಿಸ್ತು. ಹನ್ನೊಂದನೇ ತಿಂಗಳಿಗೆ ಮನೆದೇವ್ರಲ್ಲಿ ಮುಡಿ ಕೊಡಿಸಿದ್ವಿ, ಕೂದಲೆಲ್ಲ ಹೋಗಿ ಬೋಳಾದ್ಮೇಲೆ ಅಮ್ಮ ಹಿಂದಲೆ ಮೇಲೆ ಕೈಯಾಡಿಸಿ ಆಡಿಸಿ ನೋಡಿ "ಇನ್ನೂ ಒಂಚೂರು ಇದೆ ಕಣೇ" ಅಂದ್ರು. ಇದೆ, ಒಂಚೂರು. ನೀರೆರೆದ ಅಜ್ಜಿಗೆ ಆ ಬೋಳು ತಲೆ ಫೋಟೋ ತೋರಿಸಿದ್ದಕ್ಕೆ "ನಾನ್ ಒತ್ತಿದ್ಕೇ ಇಷ್ಟಾದ್ರೂ ಆಗೈತೆ ನೋಡವ್ವ" ಅಂತ ಅವರೇ ಕ್ರೆಡಿಟ್ ತಗೊಂಡ್ರು.